ಬಸವನಹುಳುವಿನ ಕಣ್ಣಳತೆ

ಕೆರೆ ಏರಿಯ ಮೇಲೆ ವೇಗ ಮೀರಿದವರನ್ನು ಹಿಡಿಯುವ ಅಧಿಕಾರ ಬಸವನಹುಳುವಿನದಾಗಿತ್ತು. ಕತ್ತಲಾಗುವ ಮುನ್ನ ಮರಳದಿಣ್ಣೆ ಸೇರಿ ಮೊಟ್ಟೆಯಿಡಬೇಕಿದ್ದ ಆಮೆಯನ್ನು ಅದು ತಡೆಯಿತು.

“ನಿಲ್ಲಮ್ಮ! ಏನಿದು ಈ ಪರಿ ಓಟ? ಏರಿಯ ಆ ತುದಿಗೆ ವಾಪಸ್ ಹೋಗಿ ನಿಧಾನವಾಗಿ ಬಾ. ಅದೇ ನಿನಗೆ ದಂಡ.”

ಆಮೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಓಟವೇ? ನಾನೇ? ಯಾವುದರಲ್ಲಿ ಅಳೆದಿರಿ, ಸ್ವಾಮಿ?”

“ಅಳೆಯುವುದೇಕೆ? ಇದು ಪಳಗಿದ ಕಣ್ಣು ಕಣಮ್ಮ.”

“ಈ ಕಲ್ಲಿನಿಂದ ಆ ಕಲ್ಲಿನವರೆಗೆ ಯಾವುದಾದರೂ ಕಪ್ಪೆಯ ಜೊತೆ ನನ್ನನ್ನು ನಡೆಸಿ ನೋಡಿ. ಕಪ್ಪೆ ನನಗಿಂತ ಹಿಂದುಳಿದರೆ ದಂಡ ಹಾಕಿ.”

“ನನ್ನ ಕಣ್ಣಿಗೇ ಪರೀಕ್ಷೆಯೇ? ಎಷ್ಟು ಸೊಕ್ಕು ನಿನಗೆ!”

ಅಷ್ಟರಲ್ಲಿ ಮುಂಗುಸಿಯೊಂದು ಇಬ್ಬರ ನಡುವೆಯೇ ನುಗ್ಗಿ ಓಡಿತು. ಬಸವನಹುಳು ಚಿಪ್ಪುಸಮೇತ ಮಗುಚಿಬಿತ್ತು.

“ಅದನ್ನು ಹಿಡಿಯಿರಿ ಸ್ವಾಮಿ!” ಆಮೆ ಕೂಗಿತು.

ಬಸವನಹುಳು ಕಷ್ಟಪಟ್ಟು ಹೊರಳಿ, ಕಣ್ಣು ಚಾಚಿ ಸುತ್ತ ನೋಡಿತು. “ಯಾರನ್ನಮ್ಮ? ಗಾಳಿ ಜೋರಾಗಿದೆ, ಅಷ್ಟೇ. ನೀನು ತಿರುಗು.”

ಆಮೆ ತಿರುಗುವಷ್ಟರಲ್ಲಿ ತಡೆಯಲಾರದೆ ಅಲ್ಲೇ ಮೊಟ್ಟೆಯಿಟ್ಟಿತು. ಮೊಟ್ಟೆಗಳು ಒಂದೊಂದಾಗಿ ಏರಿಯಿಂದ ನೀರಿನತ್ತ ಮೆಲ್ಲನೆ ಉರುಳತೊಡಗಿದವು.

ಬಸವನಹುಳು ಕಣ್ಣರಳಿಸಿತು. “ನೋಡಿದೆಯಾ? ಹುಟ್ಟುವ ಮೊದಲೇ ಈ ವೇಗ!”