ದೇಸಾಯರ ಸಮಾಲೋಚನೆ

ಊರು ಕುಡಿಯುವ ಕೆರೆಯ ನೀರನ್ನೆಲ್ಲ ತಮ್ಮ ಕಬ್ಬಿನ ಹೊಲಕ್ಕೆ ತಿರುಗಿಸಲು ದೇಸಾಯರು ಒಬ್ಬರೇ ನಿರ್ಧರಿಸಿದರು. ಆಮೇಲೆ ಜನರನ್ನು ಚಾವಡಿಗೆ ಕರೆಸಿ, "ಸಮಾಲೋಚನೆ ಮುಗದೈತಿ. ಎಲ್ಲಾರೂ ಹೂಂ ಅನ್ರಿ" ಎಂದರು.

ಕುಂಬಾರ ಶಾವಂತ್ರವ್ವ ಎದ್ದು ಕೈಮುಗಿದಳು.

"ನಾವೂ ಮುಂಜಾನೆ ಕೆರೀ ದಂಡಿ ಮ್ಯಾಲ ಸಮಾಲೋಚನೆ ಮಾಡೀವ್ರಿ, ಧಣಿ. ನಾಳಿಂದ ನಿಮ್ಮ ಬಿಳಿ ಕುದುರಿ ನನ್ನ ಮಣ್ಣು ಹೊರತೈತಿ."

ದೇಸಾಯರು ಸಿಡಿದೆದ್ದರು. "ನನ್ನ ಕುದುರಿ! ನನ್ನ ಒಂದು ಮಾತು ಕೇಳದನ?"

"ಕೇಳಬೇಕಿತ್ತೇನ್ರಿ? ನೀವು ನಮ್ಮನ್ನ ಕೇಳಲಿಲ್ಲ. ಸಮಾಲೋಚನೆ ಅಂದ್ರ ಹಂಗ ಅಂತ ತಿಳಕೊಂಡ್ವಿ."

ಚಾವಡಿ ಗೊಳ್ಳೆಂದು ನಕ್ಕಿತು. ದೇಸಾಯರು ಮೀಸೆ ಸವರಿಕೊಳ್ಳುತ್ತ ಕೂತರು. ಕಡೆಗೆ, "ಹಂಗಾರ ಮೊದಲ ನೀನ ಹೇಳವಾ" ಎಂದರು.

ಶಾವಂತ್ರವ್ವ ತಲೆಯೆತ್ತಿ ಮಾತು ಶುರುಮಾಡಿದಳು. ಅವಳ ಹಿಂದೆ ಊರೆಲ್ಲ ಮಾತಾಡಿತು. ಕೆರೆ ಊರಿಗೇ ಉಳಿಯಿತು. ಆ ಚಾವಡಿಯಲ್ಲಿ ಹೆಣ್ಣಿನ ದನಿ ಎಲ್ಲರಿಗಿಂತ ಮೊದಲು ಕೇಳಿದ್ದು ಅಂದೇ.