ಆನೆಯ ಮೈಗೆ ಬಂದ ಕಂಬಳಿ

ಚಿತ್ರಕಲಾವಿದೆ ಇಂದುಮತಿ ಮಕ್ಕಳ ಪುಸ್ತಕದ ಮುಖಪುಟಕ್ಕೆಂದು ಕಂಪ್ಯೂಟರಿನಲ್ಲಿ ಒಂದು ಆನೆ ಬರೆದಳು. ಅದರ ಮೈ ಪ್ಲಾಸ್ಟಿಕ್ಕಿನಂತೆ ನುಣ್ಣಗಿತ್ತು. ಒರಟುತನ ಬರಲೆಂದು ಅವಳು ಕರಿ ಕಂಬಳಿಯೊಂದರ ಫೋಟೋ ತೆಗೆದು, ಆನೆಯ ಚಿತ್ರದ ಮೇಲೆ ಹಾಳೆ ಹೊದಿಸಿದಂತೆ ಇನ್ನೊಂದು ಪದರವಾಗಿ ಇಟ್ಟಳು. ಕಂಬಳಿಗೆ ಸಂಭ್ರಮವೋ ಸಂಭ್ರಮ. "ನಾನು ಅಸಲಿ ಉಣ್ಣೆ. ಇನ್ನು ಎಲ್ಲರೂ ನನ್ನನ್ನೇ ನೋಡಲಿ" ಎಂದು ಪರದೆಯ ತುಂಬ ಹರಡಿಕೊಂಡಿತು. ಆನೆ ಪೂರ್ತಿ ಮುಚ್ಚಿಹೋಯಿತು.

"ಇದು ಬೇಡ" ಎಂದು ಇಂದುಮತಿ ಅಳಿಸುವ ಗುಂಡಿಯತ್ತ ಬೆರಳು ಚಾಚಿದಳು.

ಕೆಳಗಿನ ಪದರದಿಂದ ಆನೆ ಹೇಳಿತು: "ಗೆಳೆಯಾ, ನಿನ್ನೊಳಗಿಂದ ನಾನು ಕಾಣುವಷ್ಟು ಬೇಗ ತೆಳುವಾಗು. ನನ್ನ ಮೈಯ ಆಚೆ ಚಾಚಿದ್ದನ್ನೆಲ್ಲ ಒಳಗೆಳೆದುಕೋ."

"ತೆಳುವಾದರೆ ನನ್ನನ್ನು ಯಾರು ಗುರುತಿಸುತ್ತಾರೆ?"

"ಯಾರೂ ಗುರುತಿಸಲಿಕ್ಕಿಲ್ಲ. ಆದರೆ ನೀನು ಹೋದರೆ ನಾನು ಬರೀ ನುಣುಪು ಬಣ್ಣವಾಗಿ ಉಳಿಯುತ್ತೇನೆ."

ಕಂಬಳಿ ಉಸಿರು ಬಿಗಿಹಿಡಿದು ತೆಳುವಾಯಿತು, ಆನೆಯ ಆಕಾರದೊಳಕ್ಕೆ ಸರಿಯಿತು. ಉಣ್ಣೆಯ ಎಳೆಗಳು ಸೊಂಡಿಲಿನ ಸುಕ್ಕುಗಳಾದವು. ಬೆನ್ನು ಒರಟಾಯಿತು, ಕಿವಿ ಜೋತುಬಿತ್ತು. ಇಂದುಮತಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಬ್ಬಾ, ಎಂಥ ಆನೆ" ಎಂದಳು.

ಆ ಮಾತಿನಲ್ಲಿ ಕಂಬಳಿಯ ಹೆಸರಿರಲಿಲ್ಲ. ಆದರೂ ಅದನ್ನು ಕೇಳಿ ಆನೆಗಿಂತ ಹೆಚ್ಚು ಹಿಗ್ಗಿದ್ದು ಕಂಬಳಿಯೇ.