ಬೀಟೆಮರದ ಬಾಯಾರಿಕೆ

ಬಿದಿರಕೋಟೆಯ ಅರಸ ಊರೂರಿಗೆ ಡಂಗುರ ಹೊಡೆಸಿದ. ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟುಗಳಿಗೆ ಸಾಕ್ಷಿ ಸಮೇತ ಉತ್ತರ ಹೇಳಿದವನು ಬೇಡಿದ್ದು ಪಡೆಯಬಹುದು, ಅವಳ ಕೈಹಿಡಿಯಲೂಬಹುದು. ತಪ್ಪಿದವನಿಗೆ ಹುಣ್ಣಿಮೆಯ ದಿನ ಶೂಲ.

ಶೂಲದ ಮಾತು ಸೇರಿಸಿದ್ದು ಅಪ್ಪ. ಹೊನ್ನಾಂಬೆಗೆ ಗಂಡನೂ ಬೇಕಿರಲಿಲ್ಲ, ಹೆಣವೂ ಬೇಕಿರಲಿಲ್ಲ. ತೀರಿಹೋದ ತಾಯಿ ನೆಟ್ಟಿದ್ದ ಬೀಟೆಮರಗಳು ಒಂದರ ಹಿಂದೊಂದು ಬಾಡಿ ಸತ್ತು, ಈಗ ಒಂದೇ ಒಂದು ಉಳಿದಿತ್ತು. ಪಂಡಿತರನ್ನು ಕೇಳಿದರೆ ಗ್ರಹಚಾರ ಎಂದು ಕೈತೊಳೆದುಕೊಂಡರು. ಒಗಟು ಮಾಡಿ ಕೇಳಿದರಾದರೂ ಯಾರಾದರೂ ತಲೆ ಓಡಿಸಿಯಾರು ಎಂದು ಅವಳು ಆಸೆಪಟ್ಟಳು.

“ಕಾಲು ನೀರಿನಲ್ಲಿದ್ದೂ ಬಾಯಾರಿ ಸಾಯುವವರು ಯಾರು? ಹೊರಗೆ ಒಂದು ಗಾಯವೂ ಕಾಣದಂತೆ ಅವರ ಗಂಟಲು ಕಟ್ಟುವವರು ಯಾರು? ಕಾಲಿಲ್ಲದ ಆ ಕೊಲೆಗಾರನನ್ನು ಮನೆಯಿಂದ ಮನೆಗೆ ಕರೆದೊಯ್ಯುವವರು ಯಾರು?”

ಮಂತ್ರಿಯ ಮಗ ಬಂದು, ವಿರಹಿ, ಮನ್ಮಥ, ರಾಜಕುಮಾರಿಯ ಕಣ್ಣೋಟ ಎಂದ. ಹೆಬ್ಬಾಗಿಲ ದಳವಾಯಿ ಅದನ್ನೇ ರಾಗವಾಗಿ ಹಾಡಿದ. ಮೂರನೆಯವನು ಸಾಕ್ಷಿಗೆಂದು ಅತ್ತೇಬಿಟ್ಟ. ಹೊನ್ನಾಂಬೆ ಹಣೆ ಚಚ್ಚಿಕೊಂಡಳು. ಮೂವರೂ ಸೆರೆಮನೆ ಸೇರಿದರು. ದಡ್ಡರಾದರೇನು, ಸಾಯುವಂಥ ತಪ್ಪೇನು ಮಾಡಿದ್ದಾರೆ ಎಂದು ಅವಳು ಅಪ್ಪನಲ್ಲಿ ಅಂಗಲಾಚಿದಳು. ಗೆದ್ದವನು ಬೇಡಿದರೆ ಮಾತ್ರ ಬಿಡುತ್ತೇನೆ, ಕೊಟ್ಟ ಮಾತು ಕೊಟ್ಟ ಮಾತೇ ಎಂದ ಅರಸ. ಹುಣ್ಣಿಮೆಗೆ ಒಂದೇ ದಿನವಿತ್ತು.

ಆಗ ಬಂದವನು ಬಾಚಣಿಗೆ ಮಾಡುವ ನಂಜಯ. ಅವನು ಬಂದದ್ದು ಜಗಳಕ್ಕೆ. ಅರಮನೆಯವರು ತೋಟದಲ್ಲಿ ಕಡಿದು ಮಾರಿದ ಬೀಟೆಮರ ಕಲೆ ಹಿಡಿದಿತ್ತು, ಬಾಚಣಿಗೆಯ ಹಲ್ಲೆಲ್ಲ ಮುರಿಯುತ್ತಿತ್ತು. ಕಾವಲುಗಾರರು ಅವನನ್ನೂ ವರನೆಂದು ತಿಳಿದು ಒಳಗೆ ನೂಕಿದರು. ಹೊನ್ನಾಂಬೆ ಅವನ ಮುಖ ನೋಡುವ ಗೋಜಿಗೂ ಹೋಗದೆ ಒಗಟು ಒಪ್ಪಿಸಿದಳು.

“ಇದೆಂಥ ಒಗಟು, ಅಮ್ಮಣ್ಣಿ? ನಾನು ದೂರು ಹೇಳೋಕೆ ಬಂದಿದ್ದೇ ಇದನ್ನ. ಬಾಯಾರಿದ್ದು ನಿಮ್ಮ ಬೀಟೆಮರ.”

ಹೊನ್ನಾಂಬೆ ಥಟ್ಟನೆ ತಲೆಯೆತ್ತಿದಳು. ನಂಜಯ ಚೀಲದಿಂದ ಮರದ ತುಂಡು ತೆಗೆದ. ಬೇರಿನಿಂದ ನೀರೇರುವ ಬಿಳಿ ಭಾಗದಲ್ಲಿ ಕಂದು ಗೆರೆಗಳಿದ್ದವು. ಅದರ ಚಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದನಂತೆ. ಗೆರೆಯಿದ್ದಲ್ಲೆಲ್ಲ ಬಿಳಿ ಬೂಷ್ಟು ಎದ್ದಿತ್ತು. ಪಕ್ಕದಲ್ಲಿಟ್ಟ ಒಳ್ಳೆಯ ಮರದ ಚಕ್ಕೆಗೆ ಏನೂ ಆಗಿರಲಿಲ್ಲ. ಈ ಬೂಷ್ಟೇ ನೀರಿನ ದಾರಿ ಕಟ್ಟಿ ಮರವನ್ನು ಕೊಲ್ಲುತ್ತದೆ ಎಂದ.

ಮೂರನೆಯದಕ್ಕೆ ತೋಟಕ್ಕೆ ಹೋಗಬೇಕೆಂದ. ಸತ್ತ ಮರಗಳ ಬುಡ ಬಿಡಿಸಿದರೆ ಬೇರುಗಳ ಮೇಲೆಲ್ಲ ಗುದ್ದಲಿಯ ಏಟು, ಏಟು ಬಿದ್ದಲ್ಲೆಲ್ಲ ಕಂದು ಕಲೆ. ಇಲ್ಲಿ ಅಗೆಯುವವರು ಯಾರು ಎಂದು ಕೇಳಿದ.

“ನಾನೇ. ಪ್ರತಿ ಶುಕ್ರವಾರ, ಅಮ್ಮನ ಗುದ್ದಲಿಯಲ್ಲಿ. ಬೇರೆಯವರ ಕೈ ತಾಗಿಸೋದಿಲ್ಲ.”

ನಂಜಯ ಕೊರಳು ಸವರಿಕೊಂಡ. ಉತ್ತರ ತಪ್ಪಾದರೆ ಶೂಲ, ಸರಿಯಾದರೂ ಶೂಲವೇನು ಎಂದು ಕೇಳಿದ. ಹೊನ್ನಾಂಬೆಗೆ ರೇಗಿತು, ಸುಮ್ಮನೆ ಹೇಳು ಎಂದಳು.

“ನೀವೇ, ಅಮ್ಮಣ್ಣಿ. ಕಾಯಿಲೆ ಮರದ ಮಣ್ಣು ಗುದ್ದಲೀಲಿ ಅಂಟಿಕೊಂಡು ಮುಂದಿನ ಮರದ ಗಾಯಕ್ಕೆ ಹೋಗ್ತದೆ.”

ಅವಳು ಬೇರಿನ ಮೇಲಿದ್ದ ಏಟುಗಳ ಮೇಲೆ ಕೈಯಾಡಿಸಿದಳು. ಆ ಮೂವರನ್ನು ದಡ್ಡರೆಂದೆ, ನಾನೇ ಎಲ್ಲರಿಗಿಂತ ದಡ್ಡಿ ಎಂದಳು. ಉಳಿದ ಮರದ ಒಂದು ಬೇರನ್ನು ನಂಜಯ ಕೊಯ್ದು ತೋರಿಸಿದಾಗ, ಅದು ಇನ್ನೂ ಬೆಳ್ಳಗಿದೆಯೆಂದು ಕಂಡು ಅವಳಿಗೆ ಅಳು ಬಂತು. ಸತ್ತ ಬುಡಗಳನ್ನು ಕಿತ್ತು ಸುಡಿಸಿದಳು. ಅಂಟಿದ ಕಾಯಿಲೆ ಸುಟ್ಟುಹೋಗಲೆಂದು ಅಮ್ಮನ ಗುದ್ದಲಿಯನ್ನೂ ತಾನೇ ಬೆಂಕಿಗಿಟ್ಟಳು. ಅಮ್ಮನ ಕೈಯಿಂದ ನುಣುಪಾಗಿದ್ದ ಮರದ ಹಿಡಿ ಉರಿದುಹೋಗುವುದನ್ನು ನೋಡುತ್ತ ನಿಂತಳು.

ಗೆದ್ದ ನಂಜಯ ಅರಸನಲ್ಲಿ ಮೊದಲು ಬೇಡಿದ್ದು ಒಳ್ಳೆಯ ಮರ. ಆಮೇಲೆ ರಾಜಕುಮಾರಿಯ ಮುಖ ನೋಡಿ, ಸೆರೆಯಲ್ಲಿದ್ದ ಮೂವರನ್ನೂ ಬಿಡಬೇಕೆಂದ. ಮದುವೆಯ ವಿಷಯವೇನು ಎಂದು ಅರಸ ಕೇಳಿದಾಗ ತಲೆ ಕೆರೆದುಕೊಂಡು, “ತಾವರೆಗೆ ಸೂರ್ಯ ಹೇಗೋ…” ಎಂದು ಶುರುಮಾಡಿದ.

ಹೊನ್ನಾಂಬೆ ದುರುಗುಟ್ಟಿ ನೋಡಿದಳು.

“ಗುದ್ದಲಿಗೆ ಹೊಸ ಹಿಡಿ ಹಾಕಿಕೊಡಲಾ?” ಎಂದ ನಂಜಯ.

“ಹಾಕಿಕೊಡು,” ಎಂದಳು ಅವಳು. ಮದುವೆ ಆ ಬೀಟೆಮರದ ನೆರಳಲ್ಲೇ ನಡೆಯಿತು.